ವಿತ್‌ಡ್ರಾವಲ್: ಎಲ್ಲಿ ಯಾವ ಅರ್ಥ, ಸಹಿ ಹಾಕುವ ಮೊದಲು ಏನು ನೋಡಬೇಕು

ಶಿರಸಿಯ ಯಾವ ಬ್ಯಾಂಕಿಗೆ ಹೋದರೂ ಮೇಜಿನ ಮೇಲೆ ಎರಡು ಬಗೆಯ ಚೀಟಿ ಇರುತ್ತವೆ. ಒಂದು ಹಣ ಕಟ್ಟುವುದಕ್ಕೆ, ಇನ್ನೊಂದು ತೆಗೆಯುವುದಕ್ಕೆ. ತೆಗೆಯುವ ಚೀಟಿಯ ಮೇಲೆ ವಿತ್‌ಡ್ರಾವಲ್ ಎಂದು ಅಚ್ಚಾಗಿರುತ್ತದೆ. ಜನರ ಬಾಯಲ್ಲಿ ಅದು ವಿಡ್ರಾ. "ತಮಾ, ಐದು ಸಾವಿರ ವಿಡ್ರಾ ಮಾಡವು, ಇದ್ರಲ್ಲಿ ಎಲ್ಲಿ ಬರೆಯವು?" ಎಂದು ಪಕ್ಕದವರನ್ನು ಕೇಳುವ ಅಜ್ಜಂದಿರು ಈಗಲೂ ಸಿಗುತ್ತಾರೆ. ಬ್ಯಾಂಕಿನಲ್ಲಿ ಈ ಶಬ್ದ ಎಲ್ಲರಿಗೂ ಗೊತ್ತು. ಆದರೆ ಇದೇ ಶಬ್ದ ಪಿಎಫ್ ಅರ್ಜಿಯಲ್ಲಿ ಬರುತ್ತದೆ, ಚುನಾವಣೆಯ ನಾಮಪತ್ರದಲ್ಲಿ ಬರುತ್ತದೆ, ಕೋರ್ಟಿನಲ್ಲಿ ಬರುತ್ತದೆ, ಆಸ್ಪತ್ರೆಯಲ್ಲಿ ಡಾಕ್ಟರ ಬಾಯಲ್ಲೂ ಬರುತ್ತದೆ. ಒಂದೊಂದು ಕಡೆ ಅದು ನಿಮ್ಮಿಂದ ಬಯಸುವುದು ಬೇರೆ. ತಪ್ಪು ತಿಳಿದು ಸಹಿ ಹಾಕಿದರೆ ಆಗುವ ನಷ್ಟವೂ ಬೇರೆ.

ಹಾಗಾಗಿ ಎಲ್ಲೇ ಈ ಶಬ್ದ ಕಂಡರೂ ನಾಲ್ಕು ಪ್ರಶ್ನೆ ಕೇಳಿ. ಏನನ್ನು ತೆಗೆಯುತ್ತಿದ್ದೇನೆ? ಎಲ್ಲಿಂದ? ಪೂರ್ತಿಯೋ, ಸ್ವಲ್ಪವೋ? ತೆಗೆದ ಮೇಲೆ ಮತ್ತೆ ಮೊದಲಿನಂತೆ ಮಾಡಲು ಆಗುತ್ತದೋ ಇಲ್ಲವೋ? ಕೊನೆಯ ಪ್ರಶ್ನೆಯನ್ನು ನಾವು ಕೇಳುವುದೇ ಕಡಿಮೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ.

ಶಬ್ದದ ರೂಪಗಳನ್ನು ಬೇಗ ಮುಗಿಸಿಬಿಡೋಣ. ವಿತ್‌ಡ್ರಾ ಎಂದರೆ ಹಿಂದಕ್ಕೆ ತೆಗೆದುಕೊಳ್ಳುವುದು, ವಾಪಸ್ ಪಡೆಯುವುದು, ಹಿಂದೆ ಸರಿಯುವುದು. ವಿತ್‌ಡ್ರಾವಲ್ ಎಂದರೆ ಆ ಕೆಲಸ. ಆನ್‌ಲೈನ್ ಅರ್ಜಿಯ ಸ್ಥಿತಿಯಲ್ಲಿ ವಿತ್‌ಡ್ರಾನ್ ಎಂದು ತೋರಿಸಿದರೆ ಅರ್ಜಿ ಆಗಲೇ ವಾಪಸ್ ಆಗಿದೆ ಎಂದರ್ಥ. ರಿಜೆಕ್ಟ್ ಎಂದಿದ್ದರೆ ಅದನ್ನು ಇಲಾಖೆ ತಿರಸ್ಕರಿಸಿದೆ. ವಿತ್‌ಡ್ರಾನ್ ಎಂದಿದ್ದರೆ ನಿಮ್ಮ ಕಡೆಯಿಂದಲೇ, ಅಂದರೆ ನಿಮ್ಮ ಲಾಗಿನ್‌ನಿಂದಲೇ ವಾಪಸ್ ಹೋಗಿದೆ. ಮಗಳ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಾಗಿದೆ, ಅದನ್ನು ತಿದ್ದಬೇಕು ಎಂದುಕೊಂಡು ವಿತ್‌ಡ್ರಾ ಗುಂಡಿ ಒತ್ತಬೇಡಿ. ತಿದ್ದುವುದಕ್ಕೆ ಎಡಿಟ್ ಇರುತ್ತದೆ. ಅದು ಕಾಣದಿದ್ದರೆ ಕಾಲೇಜಿನ ಆಫೀಸಿನಲ್ಲಿ ಕೇಳಿ.

ಬ್ಯಾಂಕ್ ಕೌಂಟರಿನಲ್ಲಿ

ವಿತ್‌ಡ್ರಾವಲ್ ಸ್ಲಿಪ್ ಬೇರೆ, ಚೆಕ್ ಬೇರೆ. ಇದನ್ನು ಮೊದಲು ತಿಳಿದುಕೊಳ್ಳಿ. ಸ್ಲಿಪ್ ಇರುವುದು ಖಾತೆದಾರರೇ ಪಾಸ್‌ಬುಕ್ ಹಿಡಿದುಕೊಂಡು ಬಂದು ತಮ್ಮ ಹಣ ತೆಗೆಯುವುದಕ್ಕೆ. ಸಹಿ ಮಾಡಿದ ಸ್ಲಿಪ್ ಕೊಟ್ಟು ಮೊಮ್ಮಗನನ್ನು ಕಳಿಸಿದರೆ ಬ್ಯಾಂಕಿನವರು ಹಣ ಕೊಡುವುದಿಲ್ಲ, ಕೊಡಬಾರದು ಕೂಡ. ಬೇರೆಯವರ ಕೈಯಲ್ಲಿ ಹಣ ತರಿಸಬೇಕಾದರೆ ಚೆಕ್ ಬೇಕು. ಹಳ್ಳಿಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಒಂದು ಚೆಕ್ ಪುಸ್ತಕ ಮಾಡಿಸಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಸಿದ್ದಾಪುರದ ಒಳಗಿನ ಊರಿನಿಂದ ಎಂಬತ್ತು ದಾಟಿದವರು ಬಸ್ಸು ಹತ್ತಿ ಬರುವುದು ಸುಲಭ ಅಲ್ಲ.

ಸ್ಲಿಪ್ ತುಂಬುವುದು ಹೀಗೆ. ಮೊದಲು ದಿನಾಂಕ, ಶಾಖೆಯ ಹೆಸರು. ಆಮೇಲೆ ಪಾಸ್‌ಬುಕ್ ನೋಡಿಕೊಂಡು ಖಾತೆ ಸಂಖ್ಯೆ, ನೆನಪಿನಿಂದ ಬೇಡ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಅಕ್ಷರದ ಕೊನೆಗೆ ಮಾತ್ರ ಎಂದು ಸೇರಿಸಿ, ಉಳಿದ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಸಹಿಯನ್ನು ಕೌಂಟರಿನ ಮುಂದೆಯೇ ಮಾಡುವುದು ಒಳ್ಳೆಯದು. ಹಣ ಪಡೆಯುವಾಗ ಹಿಂಬದಿಯಲ್ಲೂ ಸಹಿ ಕೇಳುತ್ತಾರೆ.

ಕನ್ನಡದಲ್ಲಿ ಬರೆಯಬಹುದೇ? ಖಂಡಿತ ಬರೆಯಬಹುದು. ಚೆಕ್ಕನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ರಾಜ್ಯದ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಗ್ರಾಹಕರು ಬಳಸುವ ನಮೂನೆಗಳು ಮೂರೂ ಭಾಷೆಯಲ್ಲಿ ಇರಬೇಕು ಎಂಬ ಸೂಚನೆಯೂ ಇದೆ. ನಿಮ್ಮ ಸಹಿ ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಮಾಡಿ. ಖಾತೆ ತೆರೆಯುವಾಗ ಮಾಡಿದ ಸಹಿಗೆ ಅದು ಹೊಂದಬೇಕು, ಅಷ್ಟೇ. ಕೈ ನಡುಗಿ ಸಹಿ ಬದಲಾಗಿದ್ದರೆ ಸುಮ್ನೆ ಜಗಳ ಬೇಡ, ಹೊಸ ಸಹಿ ದಾಖಲಿಸಿ ಎಂದು ಒಂದು ಅರ್ಜಿ ಕೊಡಿ.

ಚೆಕ್ಕಿಗೆ ಬರೆದ ತಾರೀಖಿನಿಂದ ಮೂರು ತಿಂಗಳಷ್ಟೇ ಆಯಸ್ಸು. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್‌ನಿಂದ ಮೂರಾಗಿದೆ. ಎಡ ಮೂಲೆಯಲ್ಲಿ ಎರಡು ಗೆರೆ ಎಳೆದಿದ್ದರೆ ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಖಾತೆಗೇ ಹಾಕಬೇಕು. ನಗದು ತರಲು ಕಳಿಸುವ ಚೆಕ್ಕಿಗೆ ಗೆರೆ ಎಳೆಯಬೇಡಿ. ಆದರೆ ಅಂಥ ಚೆಕ್ ಕಳೆದುಹೋದರೆ ಸಿಕ್ಕವರು ಹಣ ತೆಗೆಯುವ ಅಪಾಯ ಇರುತ್ತದೆ, ನಂಬಿಕೆಯವರ ಕೈಯಲ್ಲೇ ಕೊಡಿ.

ಹಾಸಿಗೆ ಹಿಡಿದವರ ಖಾತೆಯಿಂದ ಹಣ ತೆಗೆಯುವುದು ಹೇಗೆ ಎಂಬುದು ಬಹಳ ಮನೆಗಳ ಸಂಕಟ. ಅಪ್ಪಯ್ಯನಿಗೆ ಲಕ್ವ ಹೊಡೆದಿದೆ, ಆಸ್ಪತ್ರೆಗೆ ಕಟ್ಟುವ ಹಣ ಅವರ ಖಾತೆಯಲ್ಲೇ ಇದೆ, ಸಹಿ ಮಾಡಲು ಕೈ ಏಳುವುದಿಲ್ಲ. ಇದಕ್ಕೆ ದಾರಿ ಇದೆ. ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನೂ ಬ್ಯಾಂಕ್ ಒಪ್ಪಬಹುದು. ಬ್ಯಾಂಕಿಗೆ ಪರಿಚಯ ಇರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಅಂದರೆ ಅಧಿಕಾರಿ ಮನೆಗೋ ಆಸ್ಪತ್ರೆಗೋ ಬರಬೇಕಾಗುತ್ತದೆ. ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಡಿ, ಡಾಕ್ಟರ ಚೀಟಿ ಲಗತ್ತಿಸಿ. 70 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆ ಬಾಗಿಲಲ್ಲೇ ಹಣ ಕೊಡುವ, ಪಡೆಯುವ ಸೇವೆ ಇರಬೇಕು ಎಂದು 2017ರಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಇದನ್ನು ಕೇಳಲು ನಾಚಿಕೆ ಪಡಬೇಡಿ. ಕೇಳಿದವರಿಗೆ ಸಿಗುತ್ತದೆ, ಕೇಳದವರ ಮನೆಗೆ ಯಾರೂ ತಾನಾಗಿ ಬರುವುದಿಲ್ಲ.

ಖಾತೆದಾರರು ತೀರಿಕೊಂಡ ಮೇಲೆ ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಮಾತ್ರ ಬೇಡ. ಪಿನ್ ಗೊತ್ತಿದೆ, ಹಣ ನಮ್ಮದೇ ಎಂದು ಮಕ್ಕಳು ತೆಗೆದುಬಿಡುತ್ತಾರೆ. ಆಮೇಲೆ ಅಣ್ಣ ತಮ್ಮಂದಿರ ನಡುವೆ ಲೆಕ್ಕ ಬಂದಾಗ ಅದೇ ದೊಡ್ಡ ತಕರಾರಾಗುತ್ತದೆ. ಮರಣ ಪ್ರಮಾಣಪತ್ರ ಹಿಡಿದು ನಾಮಿನಿ ಅರ್ಜಿ ಹಾಕುವುದೇ ಸರಿಯಾದ ದಾರಿ. ನಾಮಿನಿ ಹಣವನ್ನು ಪಡೆಯುವವರೇ ಹೊರತು ಒಬ್ಬರೇ ಒಡೆಯರಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು.

ಪಾಸ್‌ಬುಕ್ಕಿನ ಡಬ್ಲ್ಯೂಡಿಎಲ್

ಪಾಸ್‌ಬುಕ್ ಪ್ರಿಂಟ್ ಮಾಡಿಸಿದಾಗ ಡಬ್ಲ್ಯೂಡಿಎಲ್ ಎಂದು ಕಂಡರೆ ಅದು ವಿತ್‌ಡ್ರಾವಲ್‌ನ ಚಿಕ್ಕ ರೂಪ. ಎಟಿಎಂ ಡಬ್ಲ್ಯೂಡಿಎಲ್ ಎಂದರೆ ಎಟಿಎಂನಿಂದ ತೆಗೆದದ್ದು. ಕೆಲವು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಡಬ್ಲ್ಯೂಡಿಎಲ್ ಟಿಎಫ್‌ಆರ್ ಎಂದಿರುತ್ತದೆ. ಅದು ನಗದು ಅಲ್ಲ, ನಿಮ್ಮ ಖಾತೆಯಿಂದ ಬೇರೆ ಖಾತೆಗೆ ವರ್ಗಾವಣೆ ಆದದ್ದು. ಮೀನು ಮಾರ್ಕೆಟ್ಟಿನಲ್ಲಿ ಫೋನ್‌ಪೇ ಮಾಡಿದ್ದು ಹೀಗೆ ಕಾಣುತ್ತದೆ. ನಾನು ಬ್ಯಾಂಕಿಗೇ ಹೋಗಿಲ್ಲ, ಯಾರು ವಿಡ್ರಾ ಮಾಡಿದರು ಎಂದು ಹೆದರುವ ಮೊದಲು ಆ ದಿನ ಫೋನಿನಲ್ಲಿ ಏನು ಕಟ್ಟಿದ್ದೀರಿ ನೋಡಿ.

ನಿಜಕ್ಕೂ ನೀವು ಮಾಡದ ವಿತ್‌ಡ್ರಾವಲ್ ಇದ್ದರೆ ತಡ ಮಾಡಬೇಡಿ. ಕೂಡಲೇ ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟ ಬರಬಾರದು ಎಂದು 2017ರ ನಿಯಮ ಹೇಳುತ್ತದೆ. ಓಟಿಪಿಯನ್ನು ನಾವೇ ಹೇಳಿಕೊಟ್ಟಿದ್ದರೆ ಈ ರಕ್ಷಣೆ ಹಾಗೆ ಸಿಗುವುದಿಲ್ಲ.

ಎಟಿಎಂ ಮತ್ತು ಬೆರಳಿನ ಮಷಿನ್

ಎಟಿಎಂ ಬಹುಪಾಲು ಎಲ್ಲರಿಗೂ ಗೊತ್ತು, ಗೊತ್ತಿಲ್ಲದ್ದನ್ನಷ್ಟೇ ಹೇಳುತ್ತೇನೆ. ನಿಮ್ಮದೇ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ನಮ್ಮಂಥ ಊರುಗಳಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲೂ ಐದು ಸಲ ಉಚಿತ, ಮಹಾನಗರಗಳಲ್ಲಿ ಮೂರು. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ಅದು ಮುಗಿದ ಮೇಲೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು, ಇದು 2025ರ ಮೇ 1ರಿಂದ. ಎಸ್‌ಬಿಐ ಎಟಿಎಂನಲ್ಲಿ ಎಸ್‌ಬಿಐ ಕಾರ್ಡಿನಿಂದ 10,000 ಮತ್ತು ಅದಕ್ಕೆ ಮೇಲೆ ತೆಗೆಯುವಾಗ ಮೊಬೈಲಿಗೆ ಓಟಿಪಿ ಬರುತ್ತದೆ, ಫೋನ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಖಾತೆಯಿಂದ ಹಣ ಕಡಿತ ಆಗಿ, ಮಷಿನ್ನಿಂದ ನೋಟು ಬರದಿದ್ದರೆ? ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಕಡೆ ಇದು ಅಪರೂಪ ಅಲ್ಲ. ಸ್ಲಿಪ್ ಬಂದಿದ್ದರೆ ಇಟ್ಟುಕೊಳ್ಳಿ. ಬರದಿದ್ದರೆ ಎಟಿಎಂ ಇರುವ ಜಾಗ, ಸಮಯ, ಮೊತ್ತ ಬರೆದಿಟ್ಟುಕೊಳ್ಳಿ. ಎಟಿಎಂ ಯಾವ ಬ್ಯಾಂಕಿನದೇ ಆಗಿರಲಿ, ದೂರು ಕೊಡಬೇಕಾದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಆ ದಿನ ಬಿಟ್ಟು ಐದು ದಿನಗಳೊಳಗೆ ಹಣ ತಾನಾಗಿ ಖಾತೆಗೆ ವಾಪಸ್ ಬರಬೇಕು. ಬರದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ. ಮಾಹಿತಿಗೆ 14448.

ಬೆರಳಿಟ್ಟು ಹಣ ತೆಗೆಯುವ ಮಷಿನ್ ಈಗ ಬ್ಯಾಂಕ್ ಮಿತ್ರರ ಹತ್ತಿರವೂ ಪೋಸ್ಟ್‌ಮ್ಯಾನ್ ಹತ್ತಿರವೂ ಇದೆ. ಇದನ್ನು ಎಇಪಿಎಸ್ ಎನ್ನುತ್ತಾರೆ. ಒಂದು ಸಲಕ್ಕೆ ಹೆಚ್ಚೆಂದರೆ 10,000. ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯುವ ಎಷ್ಟೋ ಅಕ್ಕಂದಿರು, ಅಮ್ಮಂದಿರು ಬ್ಯಾಂಕಿನ ಮೆಟ್ಟಿಲು ಹತ್ತದೆ ಇದರಲ್ಲೇ ತೆಗೆಯುತ್ತಾರೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇಷ್ಟಿದ್ದರೆ ಆಯಿತು. ಸುಲಭ ಇರುವುದರಿಂದಲೇ ಜಾಗ್ರತೆ ಜಾಸ್ತಿ ಬೇಕು. ಬೆರಳಿಡುವ ಮೊದಲು ಎಷ್ಟು ಮೊತ್ತ ಒತ್ತಿದ್ದಾರೆ ಎಂದು ಪರದೆಯ ಮೇಲೆ ನೋಡಿ. ಫೇಲ್ ಆಯಿತು, ಮತ್ತೆ ಇಡಿ ಎಂದರೆ ಮೊದಲು ಬ್ಯಾಲೆನ್ಸ್ ನೋಡಿಸಿ. ಚೀಟಿ ಕೇಳಿ ಪಡೆಯಿರಿ. ಬೇಡದ ಸಮಯದಲ್ಲಿ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು.

ಘಟ್ಟದ ಮೇಲೆ ಇನ್ನೊಂದು ತೊಂದರೆ ಇದೆ. ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರ ಬೆರಳ ಗೆರೆ ಸವೆದು, ಕಲೆ ಹಿಡಿದು, ಮಷಿನ್ ಬೆರಳನ್ನೇ ಗುರುತಿಸುವುದಿಲ್ಲ. ಹತ್ತು ಬೆರಳಲ್ಲಿ ಯಾವುದಾದರೂ ಒಂದನ್ನು ಇಡಬಹುದು, ಹೆಬ್ಬೆಟ್ಟೇ ಆಗಬೇಕೆಂದಿಲ್ಲ. ಕಿರುಬೆರಳು, ಉಂಗುರದ ಬೆರಳು ಕಡಿಮೆ ಸವೆದಿರುತ್ತವೆ, ಅವನ್ನು ಇಟ್ಟು ನೋಡಿ. ಅದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಬೇಕು. ಅದನ್ನು ಸುಲಿಯುವ ಕೆಲಸ ಮುಗಿದ ಮೇಲೆ ಮಾಡಿಸಿ, ಆಗ ಗೆರೆ ಸರಿಯಾಗಿ ಬರುತ್ತದೆ.

ಅವಧಿಗೆ ಮೊದಲು ತೆಗೆಯುವುದು

ಪ್ರಿಮೆಚೂರ್ ವಿತ್‌ಡ್ರಾವಲ್ ಎಂದರೆ ಮುದ್ದತು ಮುಗಿಯುವ ಮೊದಲೇ ಠೇವಣಿ ಮುರಿಯುವುದು. ಪಾರ್ಶಿಯಲ್ ವಿತ್‌ಡ್ರಾವಲ್ ಎಂದರೆ ಖಾತೆ ಉಳಿಸಿಕೊಂಡು ಸ್ವಲ್ಪ ಭಾಗ ತೆಗೆಯುವುದು. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಲು ಕಲಿತರೆ ತುಂಬ ಹಣ ಉಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಠೇವಣಿ ಮುರಿಯುವ ಕಾಲ ಎಂದರೆ ಜೂನ್, ಜುಲೈ. ಘಟ್ಟದ ಮೇಲೆ ಮಕ್ಕಳ ಫೀಸು, ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಖರ್ಚು ಒಟ್ಟಿಗೇ ಬರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಾರವಾರದ ಬೈತಖೋಲದಲ್ಲಿ ದೋಣಿ ದಡದಲ್ಲಿದ್ದರೆ ಮನೆಗೆ ಬರುವ ಹಣವೂ ನಿಲ್ಲುತ್ತದೆ. ಆಗ ಎಫ್‌ಡಿ ಮುರಿಯೋಣ ಎನ್ನಿಸುವುದು ಸಹಜ. ಮುರಿಯುವ ಮೊದಲು ಹೀಗೆ ಲೆಕ್ಕ ಹಾಕಿ.

ಎರಡು ಲಕ್ಷ ರೂಪಾಯಿ, ಒಂದು ವರ್ಷಕ್ಕೆ, ಶೇ 7ರ ಬಡ್ಡಿಗೆ ಇಟ್ಟಿದ್ದೀರಿ ಎಂದುಕೊಳ್ಳಿ. ಹತ್ತು ತಿಂಗಳಾಗಿದೆ, ಈಗ 50,000 ಬೇಕು. ಮುರಿದರೆ ಬ್ಯಾಂಕ್ ಶೇ 7 ಕೊಡುವುದಿಲ್ಲ. ಹತ್ತು ತಿಂಗಳಿಗೆ ಎಷ್ಟು ದರ ಇತ್ತೋ ಅದನ್ನು ಹಿಡಿದು, ಅದರಲ್ಲೂ ದಂಡ ಎಂದು ಅರ್ಧವೋ ಒಂದೋ ಶೇಕಡ ಕಡಿಮೆ ಮಾಡುತ್ತದೆ. ಹತ್ತು ತಿಂಗಳ ದರ ಶೇ 6, ದಂಡ 1 ಎಂದಾದರೆ ಸಿಗುವುದು ಶೇ 5, ಅಂದರೆ ಸುಮಾರು 8,333 ರೂಪಾಯಿ. ಮುರಿಯದೆ ವರ್ಷ ತುಂಬಿಸಿದರೆ 14,000. ಅದೇ ಎಫ್‌ಡಿಯ ಮೇಲೆ 50,000 ಸಾಲ ತೆಗೆದರೆ? ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಒಂದೆರಡು ಶೇಕಡ ಜಾಸ್ತಿ ಬಡ್ಡಿ. ಶೇ 8 ಹಿಡಿದರೂ ಎರಡು ತಿಂಗಳಿಗೆ 667 ರೂಪಾಯಿ ಆಗುತ್ತದೆ. ಉಳಿದ ಒಂದೂವರೆ ಲಕ್ಷವನ್ನು ಆ ಎರಡು ತಿಂಗಳು ಎಲ್ಲಿಟ್ಟರೂ, ಮುರಿದವರಿಗೆ ಮೂರು ಸಾವಿರಕ್ಕೂ ಜಾಸ್ತಿ ಕಡಿಮೆಯೇ ಸಿಗುತ್ತದೆ. ಎಫ್‌ಡಿ ಇಟ್ಟು ಇನ್ನೂ ಎರಡೇ ತಿಂಗಳಾಗಿದ್ದರೆ, ಹಣ ದೀರ್ಘಕಾಲಕ್ಕೆ ಬೇಕಿದ್ದರೆ, ಮುರಿಯುವುದೇ ಲೇಸು. ಅದಕ್ಕೇ ಕೌಂಟರಿನಲ್ಲಿ ಎರಡೂ ಲೆಕ್ಕ ಬರೆದು ಕೊಡಿ ಎಂದು ಕೇಳಿ. ದೊಡ್ಡ ಮೊತ್ತ ಇಡುವವರು ಮೊದಲೇ ನಾಲ್ಕು ಸಣ್ಣ ಎಫ್‌ಡಿ ಮಾಡಿಟ್ಟರೆ ಬೇಕಾದಾಗ ಒಂದನ್ನಷ್ಟೇ ಮುರಿಯಬಹುದು.

ಸಹಕಾರಿ ಸಂಘದ ಮುದ್ದತ್ ಠೇವಿಗೂ ಇದೇ ಲೆಕ್ಕ, ಆದರೆ ದಂಡದ ನಿಯಮ ಸಂಘದಿಂದ ಸಂಘಕ್ಕೆ ಬೇರೆ. ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಬ್ಯಾಂಕ್ ತೊಂದರೆಗೆ ಸಿಲುಕಿದಾಗ ರಿಸರ್ವ್ ಬ್ಯಾಂಕ್ ವಿತ್‌ಡ್ರಾವಲ್ ಮಿತಿ ಹಾಕುತ್ತದೆ, ಅಂದರೆ ಒಬ್ಬರು ಇಷ್ಟೇ ತೆಗೆಯಬಹುದು ಎಂದು ಕಟ್ಟು ಮಾಡುತ್ತದೆ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, ಐದು ಲಕ್ಷದವರೆಗೆ ವಿಮೆ ಇದೆ. ಶಿರಸಿಯಲ್ಲಿ ಮುಖ್ಯ ಕಚೇರಿ ಇರುವ ಕೆಡಿಸಿಸಿ ಬ್ಯಾಂಕಿನಂಥ ಜಿಲ್ಲಾ ಸಹಕಾರಿ ಬ್ಯಾಂಕುಗಳೂ, ಪಟ್ಟಣ ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಬರುತ್ತವೆ. ಊರಿನ ಪ್ರಾಥಮಿಕ ಸಂಘ ಬರುವುದಿಲ್ಲ, ಸೊಸೈಟಿಗಳು ಬರುವುದಿಲ್ಲ. ಸಂಘ ನಮ್ಮದೇ, ನಡೆಸುವವರು ನಮ್ಮವರೇ, ನಾನೂ ಸಂಘಗಳನ್ನು ಬಹಳ ಗೌರವಿಸುವವನು. ಆದರೂ ಜೀವಮಾನದ ಉಳಿತಾಯವನ್ನು ಪೂರ್ತಿ ಒಂದೇ ಕಡೆ ಇಡಬೇಡಿ.

ಪೋಸ್ಟಿನಲ್ಲಿ ಒಂದೊಂದು ಯೋಜನೆಗೆ ಒಂದೊಂದು ನಿಯಮ. ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯ ನಿಧಿಯ ಮುದ್ದತು 15 ವರ್ಷ, ಆದರೆ ಖಾತೆ ತೆರೆದ ಆರ್ಥಿಕ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಸ್ವಲ್ಪ ಭಾಗ ತೆಗೆಯಬಹುದು. 2020-21ರಲ್ಲಿ ತೆರೆದವರಿಗೆ 2026ರ ಏಪ್ರಿಲ್‌ನಿಂದ. ನಾಲ್ಕು ವರ್ಷ ಹಿಂದೆ ವರ್ಷದ ಕೊನೆಗೆ ಖಾತೆಯಲ್ಲಿದ್ದ ಹಣ, ಹಿಂದಿನ ವರ್ಷದ ಕೊನೆಗೆ ಇದ್ದ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಅರ್ಧ ಸಿಗುತ್ತದೆ. ಸುಕನ್ಯಾ ಸಮೃದ್ಧಿಯಲ್ಲಿ ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಮಂತ್ಲಿ ಇನ್‌ಕಮ್ ಸ್ಕೀಮ್‌ ಅನ್ನು ಮೊದಲ ವರ್ಷ ಮುರಿಯಲು ಆಗುವುದೇ ಇಲ್ಲ. ಒಂದರಿಂದ ಮೂರು ವರ್ಷದೊಳಗೆ ಮುರಿದರೆ ಅಸಲಿನಲ್ಲೇ ಶೇ 2 ಕಡಿತ, ಆಮೇಲೆ ಶೇ 1.

ಪಿಎಫ್: ಇಲ್ಲಿ ಸ್ವಲ್ಪ ನಿಂತು ಓದಿ

ಕೈಗಾದಲ್ಲಿ, ಕಾರವಾರದ ನೌಕಾನೆಲೆಯಲ್ಲಿ, ಗೋವಾದ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ನಮ್ಮ ಹುಡುಗರಿಗೆ ಇದು ಮುಖ್ಯ. ಗುತ್ತಿಗೆ ಮುಗಿಯುತ್ತದೆ, ಹಣ ತೆಗೆಯುತ್ತಾರೆ. ಮತ್ತೆ ಹೊಸ ಗುತ್ತಿಗೆದಾರ, ಹೊಸ ಖಾತೆ, ಮತ್ತೆ ತೆಗೆಯುತ್ತಾರೆ. ಪ್ರತಿ ಸಲವೂ ಸಿಗುವುದು ಸಣ್ಣ ಮೊತ್ತ.

ಪಿಎಫ್ ಆನ್‌ಲೈನ್ ಅರ್ಜಿಯಲ್ಲಿ ಮೂರು ನಮೂನೆ ಕಾಣುತ್ತವೆ. ಫಾರ್ಮ್ 31 ಎಂದರೆ ಖಾತೆ ಉಳಿಸಿಕೊಂಡು ಸ್ವಲ್ಪ ಮುಂಗಡ ತೆಗೆಯುವುದು. ಫಾರ್ಮ್ 19 ಎಂದರೆ ಕೆಲಸ ಬಿಟ್ಟ ಮೇಲೆ ಪಿಎಫ್ ಪೂರ್ತಿ ತೆಗೆಯುವುದು. 10ಸಿ ಎಂದರೆ ಪಿಂಚಣಿ ಭಾಗ. ಅಪಾಯ ಇರುವುದು ಈ 10ಸಿಯಲ್ಲಿ. ಒಟ್ಟು ಹತ್ತು ವರ್ಷ ಸೇವೆ ಆದವರಿಗೆ 58ಕ್ಕೆ ತಿಂಗಳ ಪಿಂಚಣಿ ಬರುತ್ತದೆ. ಬೇರೆ ಬೇರೆ ಗುತ್ತಿಗೆದಾರರ ಹತ್ತಿರ ಮಾಡಿದ ಸೇವೆಯನ್ನೂ ಕೂಡಿಸಬಹುದು. ಆದರೆ 10ಸಿಯಲ್ಲಿ ಹಣ ತೆಗೆದರೆ ಅಲ್ಲಿಯವರೆಗಿನ ಸೇವೆ ಪಿಂಚಣಿಯ ಲೆಕ್ಕದಿಂದ ಹೋಯಿತು. ಮೂರು ವರ್ಷಕ್ಕೊಮ್ಮೆ ತೆಗೆಯುತ್ತಾ ಹೋದವರು ಇಪ್ಪತ್ತು ವರ್ಷ ದುಡಿದರೂ ಪಿಂಚಣಿ ಇಲ್ಲದೆ ಉಳಿಯಬಹುದು.

ಮಾಡಬೇಕಾದ್ದು ಇಷ್ಟು. ಎಲ್ಲ ಕಡೆ ಒಂದೇ ಯುಎಎನ್, ಅಂದರೆ ನಿಮ್ಮ ಪಿಎಫ್ ಗುರುತಿನ ಸಂಖ್ಯೆ ಕೊಡಿ, ಹೊಸದು ಮಾಡಿಸಿಕೊಳ್ಳಬೇಡಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು, ಜನ್ಮದಿನ ಒಂದೇ ಇದೆಯೇ ನೋಡಿ. ಕೆಲಸ ಬಿಟ್ಟಾಗ ಗುತ್ತಿಗೆದಾರರಿಂದ ಬಿಟ್ಟ ದಿನಾಂಕ ಹಾಕಿಸಿಕೊಳ್ಳಿ. ಹೊಸ ಕೆಲಸ ಸಿಕ್ಕರೆ ವಿತ್‌ಡ್ರಾವಲ್ ಅಲ್ಲ, ಟ್ರಾನ್ಸ್‌ಫರ್ ಆಯ್ಕೆ ಮಾಡಿ. ಪಿಎಫ್ ತೆಗೆಯಲೇಬೇಕಾದ ಕಷ್ಟ ಬಂದರೂ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಆಗ ಸೇವೆಯ ಲೆಕ್ಕ ಉಳಿಯುತ್ತದೆ. ಐದು ವರ್ಷ ಆಗದೆ 50,000 ಅಥವಾ ಅದಕ್ಕಿಂತ ಜಾಸ್ತಿ ತೆಗೆದರೆ ತೆರಿಗೆ ಕಡಿತವೂ ಇರುತ್ತದೆ. ಮುಂಗಡದ ನಿಯಮಗಳನ್ನು ಬದಲಿಸಲು 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ತೀರ್ಮಾನಿಸಿದೆ, ಹಾಗಾಗಿ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವ ನಿಯಮ ಓದಿ ಮುಂದುವರಿಯಿರಿ.

ಹಣವಲ್ಲದ ವಿತ್‌ಡ್ರಾವಲ್

ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನಾಮಪತ್ರ ವಾಪಸ್ ತೆಗೆಯಲು ನಿಗದಿಯಾದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಲಿಖಿತವಾಗಿ ಕೊಡಬೇಕು. ಅಭ್ಯರ್ಥಿಯೇ ಕೊಡಬಹುದು, ಇಲ್ಲವೇ ಅವರ ಒಪ್ಪಿಗೆ ಪತ್ರ ಹಿಡಿದ ಸೂಚಕರೋ ಚುನಾವಣಾ ಏಜೆಂಟರೋ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಮನಸ್ಸು ಬದಲಾಯಿತು ಎಂದರೆ ನಡೆಯುವುದಿಲ್ಲ. ರಾಜೀನಾಮೆ ಹಾಗಲ್ಲ. ಮುಂದಿನ ದಿನಾಂಕ ಹಾಕಿ ಕೊಟ್ಟ ರಾಜೀನಾಮೆಯನ್ನು ಸಾಮಾನ್ಯವಾಗಿ ಅದು ಜಾರಿಗೆ ಬರುವ ಮೊದಲು ವಾಪಸ್ ಪಡೆಯಬಹುದು.

ಕೇಸ್ ವಿಡ್ರಾ ಮಾಡಿಕೊಳ್ಳುತ್ತೇವೆ, ರಾಜಿಯಾಗಿದೆ ಎಂಬ ಮಾತು ಊರಿನ ಪಂಚಾಯಿತಿಕೆಯಲ್ಲಿ ಬಹಳ ಕೇಳುತ್ತದೆ. ಎಫ್‌ಐಆರ್ ಆದ ಮೇಲೆ ಅದು ದೂರು ಕೊಟ್ಟವರ ಕೈಯಲ್ಲಿ ಉಳಿಯುವುದಿಲ್ಲ. ರಾಜಿ ಮಾಡಬಹುದಾದ ಅಪರಾಧವಾದರೆ ಕೋರ್ಟಿನ ಮುಂದೆ ರಾಜಿ ಮಾಡಿಕೊಳ್ಳಬೇಕು, ಕೆಲವಕ್ಕೆ ಕೋರ್ಟಿನ ಅನುಮತಿಯೂ ಬೇಕು. ಉಳಿದವಕ್ಕೆ ಹೈಕೋರ್ಟ್ ದಾರಿ. ಸರ್ಕಾರ ಕೇಸು ವಾಪಸ್ ಪಡೆಯಿತು ಎಂದು ಪೇಪರಿನಲ್ಲಿ ಬಂದರೂ ಸರ್ಕಾರಿ ವಕೀಲರು ಅರ್ಜಿ ಹಾಕಿ ಕೋರ್ಟು ಒಪ್ಪಿದ ಮೇಲೆಯೇ ಅದು ನಿಜವಾಗುವುದು. ಹೀಗಾಗಿ ಸ್ಟೇಷನ್ನಿನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದೆವು, ಮುಗಿಯಿತು ಎಂದು ಕೋರ್ಟಿನ ತಾರೀಖು ತಪ್ಪಿಸಬೇಡಿ. ವಾರಂಟ್ ಬರುತ್ತದೆ.

ಆಸ್ಪತ್ರೆಯಲ್ಲಿ ಕೇಳಿದರೆ

ಡಾಕ್ಟರು ವಿತ್‌ಡ್ರಾವಲ್ ಎಂದರೆ ಅರ್ಥ ಪೂರ್ತಿ ಬೇರೆ. ದಿನಾ ಕುಡಿಯುತ್ತಿದ್ದ ದೇಹಕ್ಕೆ ಒಮ್ಮೆಲೇ ಕುಡಿತ ನಿಂತಾಗ ಆಗುವ ತೊಂದರೆ ಅದು. ಅಯ್ಯಪ್ಪನ ಮಾಲೆ ಹಾಕಿದಾಗ, ಹರಕೆ ಹೊತ್ತಾಗ, ಮನೆಯವರ ಕಣ್ಣೀರು ನೋಡಿ ಮನಸ್ಸು ಕರಗಿದಾಗ ಎಷ್ಟೋ ಜನ ಒಂದೇ ದಿನಕ್ಕೆ ಬಿಡುತ್ತಾರೆ. ಬಿಡುವುದು ದೊಡ್ಡ ಕೆಲಸ, ಅದನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ವರ್ಷಗಟ್ಟಲೆ ಜಾಸ್ತಿ ಕುಡಿದವರು ಡಾಕ್ಟರ ಸಹಾಯ ಇಲ್ಲದೆ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು.

ಕೊನೆಯ ಸಲ ಕುಡಿದ ಕೆಲವು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಂತಿ, ನಿದ್ರೆ ಬರದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ಧ್ವನಿ ಕೇಳುತ್ತದೆ, ಜ್ವರ ಬರುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ. ಇದನ್ನು ಗಾಳಿ ಸೋಂಕು ಎಂದೋ, ವ್ರತದಲ್ಲಿ ತಪ್ಪಾಯಿತು ಎಂದೋ ತಿಳಿದು ಮನೆಯಲ್ಲಿ ಕೂಡಿಹಾಕಬೇಡಿ. ಮತ್ತೆ ಸ್ವಲ್ಪ ಕುಡಿಸಿ ಸಮಾಧಾನ ಮಾಡುವ ಉಪಾಯವೂ ಬೇಡ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಆಸ್ಪತ್ರೆಯಲ್ಲಿ ನಾಚಿಕೆಯಿಂದ ಮುಚ್ಚಿಡದೆ ಎಲ್ಲ ಹೇಳಿ. ಎಷ್ಟು ವರ್ಷದಿಂದ ಕುಡಿಯುತ್ತಿದ್ದರು, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಡಾಕ್ಟರಿಗೆ ಔಷಧದ ಪ್ರಮಾಣ ಗೊತ್ತುಮಾಡಲು ಈ ಉತ್ತರಗಳು ಬೇಕು.

ನಿದ್ರೆ ಮಾತ್ರೆ, ಸ್ಟೀರಾಯ್ಡ್, ಫಿಟ್ಸ್ ಮಾತ್ರೆಗಳನ್ನೂ ಹೀಗೆ ಒಮ್ಮೆಲೇ ನಿಲ್ಲಿಸಬಾರದು. ಮಾತ್ರೆ ಮುಗಿಯಿತು, ಮಳೆ ನಿಂತ ಮೇಲೆ ಪೇಟೆಗೆ ಹೋಗಿ ತರೋಣ ಎಂದು ವಾರ ತಳ್ಳಬೇಡಿ. ಕುಡಿತ ಬಿಡಬೇಕು ಎಂದು ಯೋಚಿಸುತ್ತಿರುವವರು ಬಿಡುವ ದಿನಕ್ಕೆ ಮೊದಲೇ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೋ, ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲೋ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೋ ಡಾಕ್ಟರನ್ನು ಕಂಡು ಔಷಧದ ಜೊತೆಗೇ ಬಿಡಿ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಎನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.